ಡಿಎನ್‌ಎ ಅಣುವಿನಲ್ಲಿ ವಿದ್ಯುದಾವೇಶದ ಸಂಚಾರ

ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎ ಎಂಬ ಅಣುವು ಆನುವಂಶಿಕ ಗುಣಗಳ ಭಂಡಾರವೆಂಬುದು ಇಂದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ತಿಳಿದಿರುವ ವಿಷಯ. ತಂದೆತಾಯಿಗಳ ಕಣ್ಣಿನ ಬಣ್ಣ, ರಕ್ತದ ಗುಂಪು, ಕೆಲವು ರೋಗಗಳ ಒಲವು ಇವೆಲ್ಲವೂ ಮಕ್ಕಳಿಗೆ ಈ ಅಣುವಿನ ಮೂಲಕವೇ ಬರುತ್ತವೆ. ಆದರೆ ಭೌತವಿಜ್ಞಾನಿಯ ದೃಷ್ಟಿಯಿಂದ ನೋಡಿದಾಗ ಇದೇ ಅಣುವಿನ ವಿಷಯದಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ. ಇದರ ಒಂದು ತುದಿಯಿಂದ ಎಲೆಕ್ಟ್ರಾನೊಂದನ್ನು ಕಿತ್ತುಕೊಂಡರೆ ಆ ಕೊರತೆಯು ಅಲ್ಲಿಯೇ ನಿಲ್ಲುವುದೋ, ಅಥವಾ ಅಣುವಿನ ಉದ್ದಕ್ಕೂ ಸಾಗಿ ಇನ್ನೆಲ್ಲೋ ನೆಲೆಸುವುದೋ? ಸರಳವಾಗಿ ಹೇಳುವುದಾದರೆ, ಡಿಎನ್‌ಎ ತಾಮ್ರದ ತಂತಿಯಂತೆ ವಿದ್ಯುದ್ವಾಹಕವೋ, ರಬ್ಬರಿನಂತೆ ಅವಾಹಕವೋ?

ಇದು ಕೇವಲ ಪಂಡಿತರ ಕುತೂಹಲದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ಸೂರ್ಯನ ಕಿರಣಗಳು, ಕ್ಷಕಿರಣಗಳು, ತಂಬಾಕಿನ ಹೊಗೆ, ನಾವು ಉಸಿರಾಡುವ ಆಮ್ಲಜನಕವೇ ಶರೀರದೊಳಗೆ ಹುಟ್ಟಿಸುವ ಕೆಲವು ತೀಕ್ಷ್ಣ ಪದಾರ್ಥಗಳು ಇವೆಲ್ಲವೂ ಡಿಎನ್‌ಎಯಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳಬಲ್ಲವು. ಪೆಟ್ಟು ಬಿದ್ದ ಸ್ಥಳ ಒಂದಾಗಿದ್ದು ಗಾಯವಾಗುವ ಸ್ಥಳ ಮತ್ತೊಂದಾದರೆ, ಕ್ಯಾನ್ಸರಿನಂತಹ ರೋಗಗಳ ಮೂಲವನ್ನು ಅರಿಯುವ ಕ್ರಮವೇ ಬದಲಾಗಬೇಕಾಗುತ್ತದೆ. ಸುಮಾರು ಮೂವತ್ತು ವರ್ಷಗಳ ವಾದವಿವಾದದ ತರುವಾಯ ಈ ಪ್ರಶ್ನೆಗೆ ದೊರೆತಿರುವ ಉತ್ತರವು ‘ಹೌದು’ ಎಂಬುದೂ ಅಲ್ಲ, ‘ಅಲ್ಲ’ ಎಂಬುದೂ ಅಲ್ಲ. ಆವೇಶವು ಡಿಎನ್‌ಎಯಲ್ಲಿ ಸಾಗುತ್ತದೆ. ಆದರೆ ತಂತಿಯಲ್ಲಿ ಸಾಗುವ ರೀತಿಯಲ್ಲಿ ಅಲ್ಲ.

ಸುರುಳಿಯ ರಚನೆ

1953ರ ಏಪ್ರಿಲ್ ತಿಂಗಳಿನಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರು ಡಿಎನ್‌ಎಯ ದ್ವಿಸುರುಳಿ ರಚನೆಯನ್ನು ಪ್ರಕಟಿಸಿದರು. ರೋಸಲಿಂಡ್ ಫ್ರಾಂಕ್ಲಿನ್ ಅವರ ಕ್ಷಕಿರಣ ಚಿತ್ರಗಳು ಆ ಶೋಧಕ್ಕೆ ಆಧಾರವಾಗಿದ್ದವು. ಅದೇ ಕಾಲದಲ್ಲಿ ಚೆನ್ನೈನ ಗಿಂಡಿಯಲ್ಲಿಯೂ ಇದೇ ಬಗೆಯ ಕಾರ್ಯ ನಡೆಯುತ್ತಿತ್ತೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದ ಜಿ. ಎನ್. ರಾಮಚಂದ್ರನ್ ಅವರು ಗೋಪಿನಾಥ ಕರ್ತಾ ಅವರೊಡಗೂಡಿ, ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿಗೆ ಮೂರು ಎಳೆಗಳ ಸುರುಳಿಯ ರಚನೆಯನ್ನು 1954ರಲ್ಲಿ ಸೂಚಿಸಿದರು. ಜೀವದ ದೊಡ್ಡ ಅಣುಗಳು ಸುರುಳಿಯಾಕಾರವನ್ನು ತಳೆಯುವುದೇಕೆ, ಆ ಆಕಾರವು ಅವುಗಳ ಗುಣವನ್ನು ಹೇಗೆ ನಿರ್ಧರಿಸುತ್ತದೆ ಎಂಬ ವಿಚಾರಕ್ಕೆ ದಕ್ಷಿಣ ಭಾರತದಲ್ಲಿ ಭದ್ರವಾದ ಅಡಿಪಾಯ ಬಿದ್ದದ್ದು ಅಲ್ಲಿ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನ ಘಟಕವನ್ನು ಕಟ್ಟಿದವರೂ ರಾಮಚಂದ್ರನ್ ಅವರೇ.

ಡಿಎನ್‌ಎಯನ್ನು ತಿರುಚಿದ ಏಣಿಗೆ ಹೋಲಿಸುವುದು ವಾಡಿಕೆ. ಏಣಿಯ ಎರಡು ಪಕ್ಕದ ಕಂಬಗಳು ಸಕ್ಕರೆ ಮತ್ತು ಫಾಸ್ಫೇಟುಗಳಿಂದ ಆಗಿವೆ. ಮೆಟ್ಟಿಲುಗಳಾಗಿರುವುವು ಪ್ರತ್ಯಾಮ್ಲಗಳ ಜೋಡಿಗಳು. ಪ್ರತ್ಯಾಮ್ಲಗಳು ನಾಲ್ಕು: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್. ಅಡೆನಿನ್ ಯಾವಾಗಲೂ ಥೈಮಿನ್ ಜೊತೆಗೂ, ಗ್ವಾನಿನ್ ಯಾವಾಗಲೂ ಸೈಟೋಸಿನ್ ಜೊತೆಗೂ ಕೂಡುತ್ತದೆ. ಸುರುಳಿಯ ಅಗಲ ಸುಮಾರು 2 ನ್ಯಾನೋಮೀಟರ್. ಅಂದರೆ ಒಂದು ಮಿಲಿಮೀಟರಿನ ಐದು ಲಕ್ಷದಲ್ಲಿ ಒಂದು ಪಾಲು. ಒಂದು ಮೆಟ್ಟಿಲಿಗೂ ಮುಂದಿನ ಮೆಟ್ಟಿಲಿಗೂ ಇರುವ ಅಂತರ 0.34 ನ್ಯಾನೋಮೀಟರ್. ನೀರಿನಲ್ಲಿರುವ ಡಿಎನ್‌ಎಯಲ್ಲಿ ಸುಮಾರು ಹತ್ತೂವರೆ ಜೋಡಿಗಳಿಗೆ ಒಂದು ಪೂರ್ಣ ಸುತ್ತು.

ಏಣಿಯ ಹೋಲಿಕೆಯಲ್ಲಿ ಒಂದು ದೋಷವಿದೆ. ಏಣಿಯ ಮೆಟ್ಟಿಲುಗಳ ನಡುವೆ ಕಾಲಿಡುವಷ್ಟು ತೆರಪಿರುತ್ತದೆ; ಡಿಎನ್‌ಎಯಲ್ಲಿ ತೆರಪೇ ಇಲ್ಲ. ಚಪ್ಪಟೆಯಾದ ಪ್ರತ್ಯಾಮ್ಲಗಳು ಒಂದರ ಮೇಲೊಂದು ಪೇರಿಸಿದ ನಾಣ್ಯಗಳಂತೆ ಒತ್ತಾಗಿ ಕುಳಿತಿವೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಈ ಪೇರಿಕೆಯೇ.

ಪೇರಿಸಿದ ಬಿಲ್ಲೆಗಳು

ಪೆನ್ಸಿಲಿನ ಸೀಸವೆಂದು ನಾವು ಕರೆಯುವ ಗ್ರಾಫೈಟ್ ಇಂಗಾಲದ ಚಪ್ಪಟೆ ಹಾಳೆಗಳ ರಾಶಿ. ಅದರ ಹಾಳೆಗಳ ನಡುವಣ ಅಂತರವೂ ಸುಮಾರು 0.335 ನ್ಯಾನೋಮೀಟರ್, ಡಿಎನ್‌ಎಯ ಮೆಟ್ಟಿಲುಗಳ ಅಂತರಕ್ಕೆ ಬಹಳ ಹತ್ತಿರ. ಚಪ್ಪಟೆಯಾದ ಉಂಗುರಾಕೃತಿಯ ಅಣುಗಳಲ್ಲಿ ಕೆಲವು ಎಲೆಕ್ಟ್ರಾನುಗಳು ಯಾವುದೇ ಒಂದು ಪರಮಾಣುವಿಗೆ ಕಟ್ಟುಬೀಳದೆ ಉಂಗುರದ ಮೇಲೆ ಮತ್ತು ಕೆಳಗೆ ಮೋಡದಂತೆ ಹರಡಿಕೊಂಡಿರುತ್ತವೆ. ಇಂತಹ ಅಣುಗಳನ್ನು ಹತ್ತಿರ ಹತ್ತಿರ ಪೇರಿಸಿದರೆ ಒಂದರ ಮೋಡ ಮತ್ತೊಂದನ್ನು ತಾಕುತ್ತದೆ. ಹಾಗಿದ್ದಲ್ಲಿ ಪೇರಿಕೆಯ ಮೂಲಕ ಎಲೆಕ್ಟ್ರಾನುಗಳು ಹರಿಯಬಾರದೇಕೆ? ಈ ಪ್ರಶ್ನೆಯನ್ನು ಡಿಎನ್‌ಎಯ ಬಗ್ಗೆ ಸ್ಪಷ್ಟವಾಗಿ ಎತ್ತಿದವರು ಇಂಗ್ಲೆಂಡಿನ ಈಲಿ ಮತ್ತು ಸ್ಪೈವಿ, ವರ್ಷ 1962. ಅವರು ಒಣಗಿಸಿದ ಡಿಎನ್‌ಎಯ ವಾಹಕತೆಯನ್ನು ಅಳೆದು, ಸುರುಳಿಯ ನಡುಭಾಗವು ಆವೇಶದ ದಾರಿಯಾಗಬಹುದೆಂದು ಸೂಚಿಸಿದರು. ಆಗ ಅದಕ್ಕೆ ಹೆಚ್ಚಿನ ಗಮನ ದೊರೆಯಲಿಲ್ಲ.

ಪೇರಿಸಿದ ಬಿಲ್ಲೆಗಳ ವಿಜ್ಞಾನಕ್ಕೆ ಕರ್ನಾಟಕದ ಕೊಡುಗೆ ಚಿಕ್ಕದಲ್ಲ. ಅದರ ಕಥೆಯು ಚೆನ್ನೈನ ಮೈಲಾಪೂರಿಗೂ ನಂಟುಳ್ಳ ಒಂದು ಕುಟುಂಬದ್ದು. ಸರ್ ಸಿ. ವಿ. ರಾಮನ್ ಅವರ ಅಣ್ಣ ಸಿ. ಸುಬ್ರಹ್ಮಣ್ಯ ಅಯ್ಯರ್ ಅವರ ‘ಚಂದ್ರ ವಿಲಾಸ’ ಎಂಬ ಮನೆ ಮೈಲಾಪೂರಿನಲ್ಲಿತ್ತು. ನಕ್ಷತ್ರಗಳ ಅಂತ್ಯವನ್ನು ಲೆಕ್ಕಹಾಕಿ 1983ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಆ ಮನೆಯ ಮಗ. ಅದೇ ಕುಟುಂಬದ ಇನ್ನೊಬ್ಬ ಚಂದ್ರಶೇಖರ್, ಅಂದರೆ ರಾಮನ್ ಅವರ ಸೋದರಿಯ ಮಗ ಶಿವರಾಮಕೃಷ್ಣ ಚಂದ್ರಶೇಖರ್, ನಮ್ಮ ವಿಷಯಕ್ಕೆ ಸೇರಿದವರು. ಹೆಸರು ಒಂದೇ ಆದುದರಿಂದ ಇಬ್ಬರನ್ನೂ ಒಬ್ಬರೆಂದು ತಿಳಿಯುವವರುಂಟು. ಈ ಎರಡನೆಯ ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮೊದಲ ಮುಖ್ಯಸ್ಥರಾಗಿ ಬಂದು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯನ್ನು ಸೇರಿದರು. 1977ರಲ್ಲಿ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ‘ಪ್ರಮಾಣ’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಚಿಕ್ಕ ಲೇಖನವು ಜಗತ್ತಿನ ಗಮನ ಸೆಳೆಯಿತು. ಅದುವರೆಗೆ ದ್ರವಸ್ಫಟಿಕಗಳು ಕಡ್ಡಿಯಾಕಾರದ ಅಣುಗಳಿಂದ ಮಾತ್ರ ಉಂಟಾಗುವುವೆಂಬ ನಂಬಿಕೆಯಿತ್ತು. ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಕುಳಿತು ಕಂಬಗಳಾಗಿ, ಆ ಕಂಬಗಳು ಸಾಲಾಗಿ ನಿಂತು ದ್ರವಸ್ಫಟಿಕವಾಗಬಲ್ಲವೆಂದು ಬೆಂಗಳೂರಿನ ಈ ಮೂವರು ತೋರಿಸಿಕೊಟ್ಟರು.

ಇಂತಹ ಕಂಬಗಳ ಮೂಲಕ ವಿದ್ಯುದಾವೇಶವು ಚೆನ್ನಾಗಿ ಸಾಗುವುದೆಂಬುದು 1994ರಲ್ಲಿ ಜರ್ಮನಿಯ ಬೈರಾಯ್ಟ್ ನಗರದ ಪ್ರಯೋಗಗಳಿಂದ ಖಚಿತವಾಯಿತು. ಕಂಬದ ನಡುವೆ ಇಂಗಾಲದ ಉಂಗುರಗಳ ಪೇರಿಕೆ, ಸುತ್ತಲೂ ವಿದ್ಯುತ್ತನ್ನು ಬಿಡದ ಮೇಣದಂತಹ ಸರಪಣಿಗಳ ಹೊದಿಕೆ: ನೋಡಿದರೆ ರಬ್ಬರ್ ಹೊದಿಸಿದ ತಂತಿಯದೇ ವಿನ್ಯಾಸ. ಡಿಎನ್‌ಎಯಲ್ಲಿಯೂ ನಡುವೆ ಪ್ರತ್ಯಾಮ್ಲಗಳ ಪೇರಿಕೆ, ಹೊರಗೆ ಸಕ್ಕರೆ ಫಾಸ್ಫೇಟುಗಳ ಕವಚ. ಆದರೆ ಒಂದು ಮಹತ್ವದ ಭೇದವಿದೆ. ದ್ರವಸ್ಫಟಿಕದ ಕಂಬದಲ್ಲಿ ಎಲ್ಲ ಬಿಲ್ಲೆಗಳೂ ಒಂದೇ ಜಾತಿಯವು. ಡಿಎನ್‌ಎಯಲ್ಲಿ ನಾಲ್ಕು ಜಾತಿಯವು ಬೇರೆ ಬೇರೆ ಅನುಕ್ರಮದಲ್ಲಿ ಬೆರೆತಿವೆ. ಜೀವದ ಸಂದೇಶ ಬರೆದಿರುವುದು ಆ ಅನುಕ್ರಮದಲ್ಲಿಯೇ. ಆವೇಶದ ಸಂಚಾರ ತೊಡಕಾಗುವುದೂ ಅದರಿಂದಲೇ.

ಕೊಳದ ಮೆಟ್ಟಿಲುಗಳು

ಡಿಎನ್‌ಎಯಿಂದ ಒಂದು ಎಲೆಕ್ಟ್ರಾನ್ ಹೊರಟುಹೋದರೆ ಆ ಸ್ಥಳದಲ್ಲಿ ಧನಾವೇಶವೊಂದು ಉಳಿಯುತ್ತದೆ. ಇದನ್ನು ಭೌತವಿಜ್ಞಾನಿಗಳು ‘ರಂಧ್ರ’ ಎಂದು ಕರೆಯುತ್ತಾರೆ. ಊಟದ ಪಂಕ್ತಿಯಲ್ಲಿ ಒಂದು ಎಲೆ ಖಾಲಿಯಿದ್ದು ಪಕ್ಕದವರು ಅಲ್ಲಿಗೆ ಸರಿದರೆ, ಅವರ ಎಲೆ ಖಾಲಿಯಾಗುತ್ತದೆ. ಅದಕ್ಕೆ ಅದರಾಚೆಯವರು ಸರಿಯುತ್ತಾರೆ. ಜನರು ಒಂದು ದಿಕ್ಕಿಗೆ ಸರಿದಂತೆಲ್ಲ ಖಾಲಿ ಎಲೆಯು ವಿರುದ್ಧ ದಿಕ್ಕಿಗೆ ಸಾಗಿದಂತೆ ಕಾಣುತ್ತದೆ. ಡಿಎನ್‌ಎಯಲ್ಲಿ ಸಾಮಾನ್ಯವಾಗಿ ಸಾಗುವುದು ಈ ರಂಧ್ರವೇ.

ನಾಲ್ಕು ಪ್ರತ್ಯಾಮ್ಲಗಳಲ್ಲಿ ಎಲೆಕ್ಟ್ರಾನನ್ನು ಬಹಳ ಸುಲಭವಾಗಿ ಬಿಟ್ಟುಕೊಡುವುದು ಗ್ವಾನಿನ್. ರಸಾಯನವಿಜ್ಞಾನಿಗಳ ಅಳತೆಯಲ್ಲಿ ಅದರಿಂದ ಎಲೆಕ್ಟ್ರಾನನ್ನು ಕೀಳಲು ಸುಮಾರು 1.29 ವೋಲ್ಟ್ ಸಾಕು, ಅಡೆನಿನ್‌ಗೆ 1.42 ವೋಲ್ಟ್ ಬೇಕು. ಸೈಟೋಸಿನ್ ಮತ್ತು ಥೈಮಿನ್‌ಗೆ 1.6ರಿಂದ 1.7 ವೋಲ್ಟ್. ಮೈಲಾಪೂರಿನ ಕಪಾಲೀಶ್ವರ ದೇವಾಲಯದ ಮುಂದಿನ ಕೊಳವನ್ನು ಕಂಡವರು ಅದರ ಮೆಟ್ಟಿಲುಗಳನ್ನು ನೆನೆಯಬಹುದು. ನಮ್ಮ ಊರುಗಳ ಕಲ್ಯಾಣಿಯಾದರೂ ಸರಿಯೆ. ಮೇಲಿನ ಮೆಟ್ಟಿಲಿನಲ್ಲಿ ಬಿಟ್ಟ ಚೆಂಡು ತಾನಾಗಿಯೇ ಕೆಳಗಿನ ಮೆಟ್ಟಿಲಿಗೆ ಉರುಳುತ್ತದೆ, ಮತ್ತೆ ಮೇಲೇರುವುದಿಲ್ಲ. ಡಿಎನ್‌ಎಯಲ್ಲಿ ಹುಟ್ಟಿದ ರಂಧ್ರವೂ ಹಾಗೆಯೇ. ಅದು ಥೈಮಿನ್ ಮೇಲೆ ಹುಟ್ಟಲಿ, ಅಡೆನಿನ್ ಮೇಲೆ ಹುಟ್ಟಲಿ, ಕೊನೆಗೆ ಇಳಿದು ನಿಲ್ಲಲು ಬಯಸುವುದು ಗ್ವಾನಿನ್ ಎಂಬ ಕೆಳಗಿನ ಮೆಟ್ಟಿಲಿನಲ್ಲಿ. ಎರಡು ಗ್ವಾನಿನ್‌ಗಳು ಅಕ್ಕಪಕ್ಕ ಕುಳಿತಿದ್ದರೆ ಆ ಮೆಟ್ಟಿಲು ಮತ್ತಷ್ಟು ತಗ್ಗು. ಮೂರು ಕುಳಿತಿದ್ದರೆ ಇನ್ನೂ ತಗ್ಗು. ಎಷ್ಟು ತಗ್ಗೆಂಬ ವಿಷಯದಲ್ಲಿ ಮಾತ್ರ ಲೆಕ್ಕಾಚಾರಕ್ಕೂ ಅಳತೆಗೂ ಹೊಂದಿಕೆಯಾಗಿಲ್ಲ.

ಕೊಳದ ಮೆಟ್ಟಿಲುಗಳಿಗೂ ಡಿಎನ್‌ಎಗೂ ಇರುವ ವ್ಯತ್ಯಾಸವೆಂದರೆ, ಕೊಳದಲ್ಲಿ ಮೆಟ್ಟಿಲುಗಳು ಕ್ರಮವಾಗಿ ಇಳಿಯುತ್ತವೆ. ಡಿಎನ್‌ಎಯಲ್ಲಿ ತಗ್ಗು ಉಬ್ಬುಗಳು ಬೆರೆತಿವೆ. ಒಂದು ಗ್ವಾನಿನ್‌ನಿಂದ ದೂರದ ಇನ್ನೊಂದು ಗ್ವಾನಿನ್‌ಗೆ ಹೋಗಬೇಕಾದರೆ ನಡುವಣ ಅಡೆನಿನ್ ಥೈಮಿನ್‌ಗಳ ಉಬ್ಬನ್ನು ದಾಟಬೇಕು. ಅದನ್ನು ದಾಟುವ ಬಗೆ ಯಾವುದೆಂಬುದೇ 1990ರ ದಶಕದ ದೊಡ್ಡ ವಿವಾದವಾಗಿತ್ತು.

ತಂತಿಯೆಂದವರು, ಅಲ್ಲವೆಂದವರು

1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ಜಾಕ್ವೆಲಿನ್ ಬಾರ್ಟನ್ ಅವರೂ ಅವರ ಸಹೋದ್ಯೋಗಿಗಳೂ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿಕ್ಕದೊಂದು ಡಿಎನ್‌ಎ ತುಂಡಿನ ಒಂದು ಕಡೆಗೆ ರುಥೇನಿಯಂ ಲೋಹದ ಸಂಯುಕ್ತವನ್ನೂ ಇನ್ನೊಂದು ಕಡೆಗೆ ರೋಡಿಯಂ ಸಂಯುಕ್ತವನ್ನೂ ಜೋಡಿಸಿ, ಅವು ಪ್ರತ್ಯಾಮ್ಲಗಳ ನಡುವೆ ನುಸುಳಿ ಕುಳಿತುಕೊಳ್ಳುವಂತೆ ಮಾಡಿದ್ದರು. ಬೆಳಕು ಬಿದ್ದಾಗ ಮೊದಲನೆಯದು ಎಲೆಕ್ಟ್ರಾನನ್ನು ಕೊಡಬೇಕು, ಎರಡನೆಯದು ಪಡೆಯಬೇಕು. ಎರಡರ ನಡುವಿನ ದೂರ 4 ನ್ಯಾನೋಮೀಟರಿಗೂ ಹೆಚ್ಚು. ಆದರೂ ರುಥೇನಿಯಂ ಸಂಯುಕ್ತದ ಹೊಳಪು ಆರಿಹೋಯಿತು. ಎಲೆಕ್ಟ್ರಾನು ಕ್ಷಣಾರ್ಧಕ್ಕಿಂತಲೂ ಬಹಳ ಬೇಗ ದಾಟಿಹೋಗಿತ್ತೆಂದು ಅವರು ಅರ್ಥೈಸಿದರು. ಡಿಎನ್‌ಎ ಒಂದು ‘ಅಣುತಂತಿ’ ಎಂಬ ಮಾತು ಅಂದಿನಿಂದ ಪ್ರಚಾರಕ್ಕೆ ಬಂದಿತು.

ಅನೇಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಕ್ವಾಂಟಂ ವಿಜ್ಞಾನದ ಪ್ರಕಾರ ಕಣವೊಂದು ತಾನು ಏರಲಾರದ ದಿಣ್ಣೆಯನ್ನು ಒಳಗಿನಿಂದಲೇ ಭೇದಿಸಿ ಆಚೆ ಕಾಣಿಸಿಕೊಳ್ಳಬಲ್ಲುದು. ಇದಕ್ಕೆ ‘ಸುರಂಗಗಮನ’ವೆಂದು ಹೆಸರು. ಆದರೆ ದಿಣ್ಣೆ ಅಗಲವಾದಷ್ಟೂ ಇದರ ಸಾಧ್ಯತೆ ಅತಿ ತೀವ್ರವಾಗಿ ಕುಸಿಯುತ್ತದೆ. 1997ರಲ್ಲಿ ಅಮೆರಿಕದ ಫ್ರೆಡರಿಕ್ ಲೂಯಿಸ್, ಮೈಕೆಲ್ ವಾಸಿಲೆವ್‌ಸ್ಕಿ ಮೊದಲಾದವರು ಹೇರ್‌ಪಿನ್ನಿನಂತೆ ಬಾಗಿದ ಡಿಎನ್‌ಎ ತುಂಡುಗಳಲ್ಲಿ ಈ ಕುಸಿತವನ್ನು ನಿಖರವಾಗಿ ಅಳೆದರು. ಅವರ ಅಂಕಿಯಂತೆ ನಡುವೆ ಒಂದೊಂದು ಜೋಡಿ ಹೆಚ್ಚಿದಂತೆ ವೇಗವು ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೂರು ಜೋಡಿಗಳಾದರೆ ಸುಮಾರು ಏಳುನೂರರಲ್ಲಿ ಒಂದು ಪಾಲು. ಹತ್ತು ಜೋಡಿಗಳಾದರೆ ಇನ್ನೂರು ಕೋಟಿಗೂ ಹೆಚ್ಚು ಪಟ್ಟು ನಿಧಾನ. ಇದನ್ನು ತಂತಿಯೆಂದು ಕರೆಯಲಾಗದು.

ಆದರೆ ಬಾರ್ಟನ್ ಅವರ ತಂಡವು ಸುಮ್ಮನಾಗಲಿಲ್ಲ. 1996ರಲ್ಲಿ ಅವರು ತೋರಿಸಿದ ಮತ್ತೊಂದು ಸಂಗತಿಯನ್ನು ತಳ್ಳಿಹಾಕುವುದು ಕಷ್ಟವಾಗಿತ್ತು. ಡಿಎನ್‌ಎಯ ತುದಿಯೊಂದರಲ್ಲಿ ಬಿಗಿದ ರೋಡಿಯಂ ಸಂಯುಕ್ತವನ್ನು ಬೆಳಕಿನಿಂದ ಕೆರಳಿಸಿದಾಗ, ಅದಕ್ಕೆ ತಾಕದಷ್ಟು ದೂರದಲ್ಲಿದ್ದ ಗ್ವಾನಿನ್ ಜೋಡಿಗೆ ಹಾನಿಯಾಗಿತ್ತು. 1999ರ ಹೊತ್ತಿಗೆ ಈ ದೂರವು 20 ನ್ಯಾನೋಮೀಟರ್‌ವರೆಗೂ ಹೋಯಿತು. ಅಂದರೆ ಸುಮಾರು ಅರವತ್ತು ಮೆಟ್ಟಿಲುಗಳಾಚೆ. ಸುರಂಗಗಮನವೊಂದರಿಂದಲೇ ಇಷ್ಟು ದೂರವನ್ನು ವಿವರಿಸುವುದು ಸಾಧ್ಯವೇ ಇಲ್ಲ.

ಎರಡೂ ಪಕ್ಷಗಳ ಅಳತೆಗಳು ಸರಿಯಾಗಿದ್ದುದೇ ಈ ವಿವಾದದ ವಿಶೇಷ. ಇವುಗಳನ್ನು ಹೊಂದಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದ ಬೆರ್ನ್ಡ್ ಗೀಸೆ ಮತ್ತು ಇಸ್ರೇಲಿನ ಜೋಶುವಾ ಜಾರ್ಟ್‌ನರ್ ಪ್ರಮುಖರು. ಹೊಳೆಯನ್ನು ದಾಟುವವನೊಬ್ಬನನ್ನು ಊಹಿಸಿಕೊಳ್ಳಿ. ನಡುವೆ ಕಲ್ಲುಗಳಿಲ್ಲದಿದ್ದರೆ ಒಂದೇ ನೆಗೆತಕ್ಕೆ ದಾಟಬೇಕು. ಹೊಳೆ ಕೊಂಚ ಅಗಲವಾದರೂ ಅದು ಆಗದ ಮಾತು. ನಡುನಡುವೆ ಕಲ್ಲುಗಳಿದ್ದರೆ ಕಲ್ಲಿನಿಂದ ಕಲ್ಲಿಗೆ ಜಿಗಿಯುತ್ತ ಎಷ್ಟು ಅಗಲದ ಹೊಳೆಯನ್ನಾದರೂ ದಾಟಬಹುದು; ಹೊತ್ತು ಹೆಚ್ಚು ಹಿಡಿಯಬಹುದು, ಅಷ್ಟೆ. ಡಿಎನ್‌ಎಯಲ್ಲಿ ಗ್ವಾನಿನ್‌ಗಳೇ ಆ ಕಲ್ಲುಗಳು. ಹತ್ತಿರದ ಗ್ವಾನಿನ್‌ಗೆ ರಂಧ್ರವು ಸುರಂಗಗಮನದಿಂದ ಹೋಗುತ್ತದೆ. ಅಲ್ಲಿ ತಂಗಿ, ಮುಂದಿನದಕ್ಕೆ ಮತ್ತೆ ಹಾಗೆಯೇ ಸಾಗುತ್ತದೆ. 2001ರಲ್ಲಿ ಗೀಸೆ ಅವರು ಪ್ರಕಟಿಸಿದ ಫಲಿತಾಂಶ ಇದಕ್ಕೆ ಇನ್ನೊಂದು ತಿರುವು ಕೊಟ್ಟಿತು. ಎರಡು ಗ್ವಾನಿನ್ ನೆಲೆಗಳ ನಡುವೆ ಅಡೆನಿನ್ ಥೈಮಿನ್ ಜೋಡಿಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಹೋದಾಗ, ಮೂರು ಜೋಡಿಗಳವರೆಗೆ ಸಂಚಾರವು ಕಡಿದಾಗಿ ಕುಸಿಯಿತು. ಆ ಬಳಿಕ ಜೋಡಿಗಳ ಸಂಖ್ಯೆ ಹೆಚ್ಚಿದರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ದಾರಿ ಉದ್ದವಾದಾಗ ರಂಧ್ರವು ಉಷ್ಣದ ಕುಲುಕಾಟದ ನೆರವಿನಿಂದ ಅಡೆನಿನ್ ಮೇಲೆಯೇ ಏರಿ, ಅಡೆನಿನ್‌ನಿಂದ ಅಡೆನಿನ್‌ಗೆ ಜಿಗಿಯುತ್ತ ಸಾಗುತ್ತದೆ ಎಂಬುದು ಇದರ ತಾತ್ಪರ್ಯ.

ಇಲ್ಲಿ ಕುಲುಕಾಟವೆಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ನಾವು ಚಿತ್ರಗಳಲ್ಲಿ ಕಾಣುವ ಡಿಎನ್‌ಎ ಕಲ್ಲಿನ ಕಂಬದಂತೆ ನಿಶ್ಚಲವಾಗಿರುತ್ತದೆ. ನಿಜವಾದ ಡಿಎನ್‌ಎ ನೀರಿನ ಅಣುಗಳ ಮತ್ತು ಸೋಡಿಯಂನಂತಹ ಅಯಾನುಗಳ ನೂಕುನುಗ್ಗಲಿನಲ್ಲಿ ಎಡೆಬಿಡದೆ ನಡುಗುತ್ತಿರುತ್ತದೆ. ಮೆಟ್ಟಿಲುಗಳು ಒಂದು ಗಳಿಗೆ ಸರಿಯಾಗಿ ಪೇರಿಕೊಂಡು ಮರುಗಳಿಗೆ ಜರುಗುತ್ತವೆ. ದಾರಿ ತೆರೆದುಕೊಂಡ ಗಳಿಗೆಯಲ್ಲಿ ಆವೇಶ ಮುಂದಡಿಯಿಡುತ್ತದೆ. ಆದ್ದರಿಂದ ತಾಮ್ರದ ತಂತಿಯ ನಿಯಮಗಳನ್ನು ಇಲ್ಲಿಗೆ ತಂದು ಹೊಂದಿಸುವುದು ವ್ಯರ್ಥ.

ವಿದ್ಯುದಗ್ರಗಳ ನಡುವೆ

ರಸಾಯನವಿಜ್ಞಾನಿಗಳು ಹೀಗೆ ಒಮ್ಮತದತ್ತ ಸಾಗುತ್ತಿದ್ದಾಗ ಭೌತವಿಜ್ಞಾನಿಗಳು ನೇರವಾದ ಮಾರ್ಗ ಹಿಡಿದರು: ಡಿಎನ್‌ಎಯನ್ನು ಎರಡು ಲೋಹದ ವಿದ್ಯುದಗ್ರಗಳ ನಡುವೆ ಇಟ್ಟು ವಿದ್ಯುತ್ತು ಹರಿಯುವುದೇ ಎಂದು ನೋಡಿದರು. ಬಂದ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. 1999ರಲ್ಲಿ ಒಂದು ತಂಡ ಡಿಎನ್‌ಎ ಎಳೆಗಳು ಒಳ್ಳೆಯ ವಾಹಕವೆಂದಿತು. 2000ರಲ್ಲಿ ನೆದರ್‌ಲೆಂಡ್ಸಿನ ತಂಡವೊಂದು, ಗ್ವಾನಿನ್ ಸೈಟೋಸಿನ್ ಜೋಡಿಗಳಿಂದಷ್ಟೇ ಆದ 10.4 ನ್ಯಾನೋಮೀಟರ್ ಉದ್ದದ ತುಂಡು ಅರೆವಾಹಕವೆಂದಿತು. 2001ರಲ್ಲಿ ಬಂದ ವರದಿಗಳಲ್ಲಿ ಒಂದು, ಅತಿಶೀತದಲ್ಲಿ ಅತಿವಾಹಕತೆಯ ಪ್ರಭಾವವೂ ಡಿಎನ್‌ಎಯಲ್ಲಿ ಕಾಣುವುದೆಂದಿತು. ಮತ್ತೊಂದು, 40 ನ್ಯಾನೋಮೀಟರಿಗಿಂತ ಉದ್ದವಾದ ಡಿಎನ್‌ಎ ಪೂರ್ಣ ಅವಾಹಕವೆಂದಿತು.

ಪ್ರಕೃತಿ ಇಷ್ಟು ಚಂಚಲವಲ್ಲ. ದೋಷ ಅಳತೆಯ ಸಂದರ್ಭಗಳಲ್ಲಿತ್ತು. ಗಟ್ಟಿಯಾದ ತಳದ ಮೇಲೆ ಒಣಗಿಸಿದ ಡಿಎನ್‌ಎ ಚಪ್ಪಟೆಯಾಗಿ ಅದರ ಪೇರಿಕೆ ಕೆಡುತ್ತದೆ. ತೇವವಿದ್ದರೆ ಮೇಲಿನ ನೀರಿನ ಪೊರೆಯೇ ವಿದ್ಯುತ್ತನ್ನು ಒಯ್ಯುತ್ತದೆ. ಸೂಕ್ಷ್ಮದರ್ಶಕದ ಎಲೆಕ್ಟ್ರಾನ್ ಕಿರಣ ಅಣುವಿನ ಮೇಲೆ ಮಲಿನ ಪದರವನ್ನು ಕಟ್ಟಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಲೋಹಕ್ಕೂ ಅಣುವಿಗೂ ಬೆಸುಗೆ ಸರಿಯಾಗಿ ಬಿದ್ದಿದೆಯೇ ಎಂಬುದು ತಿಳಿಯದು. 2004ರಲ್ಲಿ ನೀರಿನಲ್ಲಿಯೇ ಇದ್ದ ಒಂಟಿ ಅಣುಗಳನ್ನು ರಾಸಾಯನಿಕ ಬಂಧದಿಂದ ಚಿನ್ನದ ವಿದ್ಯುದಗ್ರಗಳಿಗೆ ಕಟ್ಟಿ ಅಳೆಯುವ ಕ್ರಮ ಬಂದ ಮೇಲೆ ಗೊಂದಲ ಬಹಳ ಮಟ್ಟಿಗೆ ತಿಳಿಯಾಯಿತು. ಗ್ವಾನಿನ್ ಸೈಟೋಸಿನ್ ಮಾತ್ರವಿದ್ದಾಗ ಉದ್ದಕ್ಕೆ ತಕ್ಕಂತೆ ನಿಧಾನವಾಗಿಯೂ, ನಡುವೆ ಅಡೆನಿನ್ ಥೈಮಿನ್ ಸೇರಿದಾಗ ತೀವ್ರವಾಗಿಯೂ ವಾಹಕತೆ ಇಳಿಯುವುದು ಕಂಡಿತು. ರಸಾಯನವಿಜ್ಞಾನಿಗಳು ಬೇರೆ ದಾರಿಯಿಂದ ತಲುಪಿದ್ದ ತೀರ್ಮಾನಕ್ಕೆ ಇದು ಚೆನ್ನಾಗಿ ಹೊಂದುತ್ತಿತ್ತು.

2008ರ ಪ್ರಯೋಗವೊಂದು ಇನ್ನೂ ಸೊಗಸಾದುದು. ಇಂಗಾಲದ ನ್ಯಾನೋನಾಳವೊಂದನ್ನು ಕತ್ತರಿಸಿ, ಆ ಸೀಳಿಗೆ ಹದಿನೈದು ಜೋಡಿಗಳ ಡಿಎನ್‌ಎಯನ್ನು ಸೇತುವೆಯಾಗಿ ಕೂಡಿಸಲಾಯಿತು. ಅದರ ರೋಧ ಸುಮಾರು ಹತ್ತು ಲಕ್ಷ ಓಮ್ ಪ್ರಮಾಣದಲ್ಲಿತ್ತು. ಹಾಳೆಗಳಿಗೆ ಲಂಬವಾಗಿ ಗ್ರಾಫೈಟ್ ತೋರುವ ವಾಹಕತೆಗೆ ಇದು ಸರಿಸಮವೆನ್ನಬಹುದು. ಹದಿನೈದರಲ್ಲಿ ಒಂದೇ ಒಂದು ಜೋಡಿಯನ್ನು ಹೊಂದದಂತೆ ಮಾಡಿದಾಗ ರೋಧವು ಸುಮಾರು ಮುನ್ನೂರು ಪಟ್ಟು ಏರಿತು. ಒಂದು ಅಕ್ಷರದ ತಪ್ಪನ್ನು ವಿದ್ಯುತ್ತಿನಿಂದಲೇ ಗುರುತಿಸಬಹುದೆಂಬ ಆಸೆಗೆ ಇದು ಬಲ ಕೊಟ್ಟಿತು. ಚಿನ್ನದ ತಗಡಿನ ಮೇಲೆ ಡಿಎನ್‌ಎ ತುಂಡುಗಳನ್ನು ನೆಟ್ಟು, ಅವುಗಳ ತುದಿಗೆ ತಲುಪುವ ವಿದ್ಯುತ್ತಿನ ಏರಿಳಿತದಿಂದ ಆನುವಂಶಿಕ ದೋಷವನ್ನು ಪತ್ತೆಹಚ್ಚುವ ವಿಧಾನವನ್ನು ಬಾರ್ಟನ್ ಅವರ ತಂಡ 2000ರಲ್ಲಿಯೇ ತೋರಿಸಿತ್ತು.

ಬೆಂಗಳೂರಿನಲ್ಲಿ ಈ ವಿಷಯದ ಸೈದ್ಧಾಂತಿಕ ಕಾರ್ಯ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಸ್ವಪನ್ ಪತಿ ಅವರು ಡಿಎನ್‌ಎಯ ವಾಹಕತೆಯನ್ನೂ, ಲೋಹದ ಪರಮಾಣುಗಳನ್ನು ಸೇರಿಸಿ ಮಾರ್ಪಡಿಸಿದ ಡಿಎನ್‌ಎಯ ಗುಣಗಳನ್ನೂ ಪರಿಶೀಲಿಸಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಬಲ್ ಮೈತಿ ಮತ್ತು ಸಂಗಡಿಗರು ನೀರು ಅಯಾನುಗಳೊಡನೆ ನಡುಗುವ ಡಿಎನ್‌ಎಯನ್ನು ಗಣಕಯಂತ್ರದಲ್ಲಿ ಪರಮಾಣು ಪರಮಾಣುವಾಗಿ ಅನುಕರಿಸಿ, ಅದರ ಮೇಲೆ ಆವೇಶದ ನಡೆಯನ್ನು ಲೆಕ್ಕಹಾಕಿದರು. ಎರಡು ಎಳೆಗಳ ಆರ್‌ಎನ್‌ಎಗಿಂತ ಡಿಎನ್‌ಎಯಲ್ಲಿ ಆವೇಶವು ಹೆಚ್ಚು ಸುಲಭವಾಗಿ ಸಾಗುವುದೆಂದೂ, ಸಾಗುವ ಬಗೆ ಸುರಂಗಗಮನವಾಗಲಿ ಜಿಗಿತವಾಗಲಿ ಈ ಮಾತು ನಿಲ್ಲುವುದೆಂದೂ 2020ರಲ್ಲಿ ಅವರು ಪ್ರಕಟಿಸಿದರು. ಎರಡೂ ಅಣುಗಳ ರಾಸಾಯನಿಕ ಅಂಶಗಳು ಬಹುಮಟ್ಟಿಗೆ ಒಂದೇ. ಬೇರೆಯಾಗಿರುವುದು ಪೇರಿಕೆಯ ಓರೆ ಮತ್ತು ತಿರುಚು.

ಗಾಯವಾಗುವುದೆಲ್ಲಿ?

ಈಗ ಆರಂಭದ ಪ್ರಶ್ನೆಗೆ, ಅಂದರೆ ನಮ್ಮ ಶರೀರದ ವಿಷಯಕ್ಕೆ ಬರೋಣ. ಡಿಎನ್‌ಎಯ ಯಾವ ಭಾಗಕ್ಕೆ ಪೆಟ್ಟು ಬಿದ್ದರೂ ರಂಧ್ರವು ಗ್ವಾನಿನ್‌ನತ್ತ ಸರಿಯುತ್ತದೆ. ಅಕ್ಕಪಕ್ಕದ ಎರಡು ಗ್ವಾನಿನ್‌ಗಳಿರುವಲ್ಲಿ ಮೊದಲನೆಯದೇ ಹೆಚ್ಚಾಗಿ ಬಲಿಯಾಗುವುದೆಂದು ಜಪಾನಿನ ಇಸಾವೊ ಸೈತೊ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ತೋರಿಸಿದರು. ಅಲ್ಲಿ ತಂಗಿದ ರಂಧ್ರದೊಡನೆ ನೀರು ಅಥವಾ ಆಮ್ಲಜನಕ ವರ್ತಿಸಿದಾಗ ಗ್ವಾನಿನ್ ‘ಆಕ್ಸೊಗ್ವಾನಿನ್’ ಎಂಬ ಬೇರೊಂದು ಪದಾರ್ಥವಾಗುತ್ತದೆ. ಇದರ ಅಪಾಯವಿರುವುದು ಅದರ ಎರಡು ಮುಖದ ನಡತೆಯಲ್ಲಿ. ಸೈಟೋಸಿನ್ ಜೊತೆ ಕೂಡಬೇಕಾದ ಇದು ಅಡೆನಿನ್ ಜೊತೆಗೂ ಕೂಡಿಕೊಳ್ಳಬಲ್ಲುದು. ಜೀವಕೋಶವು ವಿಭಜನೆಗೊಳ್ಳುವ ಮುನ್ನ ಡಿಎನ್‌ಎಯ ಪ್ರತಿ ತೆಗೆಯುವಾಗ ತಪ್ಪು ಜೋಡಿ ಕೂಡಿದರೆ, ಇನ್ನೊಂದು ಪ್ರತಿಯ ಹೊತ್ತಿಗೆ ಗ್ವಾನಿನ್ ಇದ್ದ ಸ್ಥಳದಲ್ಲಿ ಥೈಮಿನ್ ಕುಳಿತಿರುತ್ತದೆ. ಒಂದು ಅಕ್ಷರ ಶಾಶ್ವತವಾಗಿ ಬದಲಾಯಿತು. ಇಂತಹ ಬದಲಾವಣೆಯು ಜೀವಕೋಶದ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಜೀನಿನಲ್ಲಿ ಆದರೆ ಕ್ಯಾನ್ಸರಿಗೆ ದಾರಿಯಾಗಬಹುದು.

ಇದನ್ನು ತಡೆಯಲು ಶರೀರದಲ್ಲಿ ಕಾವಲುಗಾರ ಕಿಣ್ವಗಳಿವೆ. ಆಕ್ಸೊಗ್ವಾನಿನ್ ಎದುರು ತಪ್ಪಾಗಿ ಕುಳಿತ ಅಡೆನಿನ್ ಅನ್ನು ಕಿತ್ತುಹಾಕುವ ‘ಮ್ಯೂಟ್‌ವೈ’ ಎಂಬ ಕಿಣ್ವ ಅಂತಹುದೊಂದು. ಮನುಷ್ಯರಲ್ಲಿ ಈ ಕಿಣ್ವದ ಜೀನ್ ತಂದೆಯಿಂದಲೂ ತಾಯಿಯಿಂದಲೂ ದೋಷಯುಕ್ತವಾಗಿ ಬಂದಿದ್ದರೆ ದೊಡ್ಡ ಕರುಳಿನಲ್ಲಿ ಗಂಟುಗಳು ಬೆಳೆದು ಕ್ಯಾನ್ಸರಿನ ಸಂಭವ ಬಹಳ ಹೆಚ್ಚುತ್ತದೆಂದು 2002ರಲ್ಲಿ ತಿಳಿದುಬಂದಿತು. ಹಾನಿ ಹೇಗಾಯಿತೆಂಬುದಕ್ಕಿಂತ ಅದರ ದುರಸ್ತಿ ತಪ್ಪಿದಾಗ ಏನಾಗುವುದೆಂಬುದಕ್ಕೆ ಇದು ಕಣ್ಣಿಗೆ ಕಾಣುವ ಸಾಕ್ಷಿ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸುವ ವಿಕಿರಣದ ಉದ್ದೇಶ ಇದರ ವಿರುದ್ಧ ದಿಕ್ಕಿನದು. ಮೈಲಾಪೂರಿಗೆ ಸಮೀಪದ ಅಡ್ಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಪ್ರಯತ್ನದಿಂದ 1954ರಲ್ಲಿ ಆರಂಭವಾದ ಕ್ಯಾನ್ಸರ್ ಸಂಸ್ಥೆಯಲ್ಲಾಗಲಿ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಾಗಲಿ ರೋಗಿಗೆ ವಿಕಿರಣವನ್ನು ಕೊಡುವಾಗ, ಗಡ್ಡೆಯ ಜೀವಕೋಶಗಳ ಡಿಎನ್‌ಎಯನ್ನು ದುರಸ್ತಿಗೆ ಮೀರಿ ಕೆಡಿಸುವುದೇ ಗುರಿ. ವಿಕಿರಣವು ಹೆಚ್ಚಾಗಿ ಸುತ್ತಲಿನ ನೀರನ್ನು ಒಡೆದು, ಅದರಿಂದ ಹುಟ್ಟಿದ ತೀಕ್ಷ್ಣ ಕಣಗಳ ಮೂಲಕ ಡಿಎನ್‌ಎಯ ಎಳೆಗಳನ್ನು ತುಂಡರಿಸುತ್ತದೆ. ಒಂದು ಪಾಲು ನೇರವಾಗಿ ಡಿಎನ್‌ಎಯಿಂದಲೇ ಎಲೆಕ್ಟ್ರಾನುಗಳನ್ನು ಹಾರಿಸುತ್ತದೆ. ಹೀಗೆ ಹುಟ್ಟಿದ ರಂಧ್ರಗಳು ಗ್ವಾನಿನ್‌ಗಳಲ್ಲಿ ಬಂದು ಸೇರುವುದು ಇಲ್ಲಿ ಬಣ್ಣಿಸಿದ ಸಂಚಾರದಿಂದಲೇ. ಆದರೆ ಆವೇಶದ ಸಂಚಾರವೇ ಕ್ಯಾನ್ಸರಿಗೆ ಕಾರಣವೆಂದು ಯಾರೂ ಅವಸರದಿಂದ ತೀರ್ಮಾನಿಸಲಾಗದು. ಜೀವಕೋಶದಲ್ಲಿ ಡಿಎನ್‌ಎ ಬರಿಯ ಎಳೆಯಾಗಿ ತೇಲುವುದಿಲ್ಲ. ಸುಮಾರು 147 ಜೋಡಿಗಳಂತೆ ಹಿಸ್ಟೋನ್ ಪ್ರೋಟೀನುಗಳ ಒಂದೊಂದು ಉಂಡೆಗೆ ಸುತ್ತಿಕೊಂಡು, ಮಡಿಕೆ ಮಡಿಕೆಯಾಗಿ ಅಡಕವಾಗಿರುತ್ತದೆ. ಪ್ರೋಟೀನೊಂದು ಬಂದು ಸುರುಳಿಯನ್ನು ಬಾಗಿಸಿದರೆ ಪೇರಿಕೆ ಕೆಟ್ಟು ದಾರಿ ಮುಚ್ಚಿಹೋಗಬಹುದು.

ಬಾರ್ಟನ್ ಅವರು ಇದೇ ಸಂಗತಿಯನ್ನು ತಿರುಗಿಸಿ ಒಂದು ದಿಟ್ಟ ಊಹೆಯನ್ನು ಮುಂದಿಟ್ಟಿದ್ದಾರೆ. ಮ್ಯೂಟ್‌ವೈನಂತಹ ಕೆಲವು ದುರಸ್ತಿ ಕಿಣ್ವಗಳಲ್ಲಿ ಕಬ್ಬಿಣ ಮತ್ತು ಗಂಧಕದ ಚಿಕ್ಕ ಗೊಂಚಲೊಂದಿದೆ. ಅದು ಎಲೆಕ್ಟ್ರಾನನ್ನು ಕೊಡಲೂ ಬಲ್ಲುದು, ಪಡೆಯಲೂ ಬಲ್ಲುದು. ಡಿಎನ್‌ಎಯ ಮೇಲೆ ಕುಳಿತ ಕಿಣ್ವವೊಂದು ದೂರದ ಇನ್ನೊಂದಕ್ಕೆ ಸುರುಳಿಯ ಮೂಲಕ ಎಲೆಕ್ಟ್ರಾನನ್ನು ಕಳುಹಿಸುತ್ತದೆ. ಅದು ತಲುಪಿದರೆ ನಡುವಣ ಡಿಎನ್‌ಎ ಸರಿಯಾಗಿದೆಯೆಂದು ತಿಳಿದು ಪಡೆದ ಕಿಣ್ವ ಕಳಚಿಕೊಂಡು ಬೇರೆಡೆಗೆ ಹೋಗುತ್ತದೆ. ತಲುಪದಿದ್ದರೆ ನಡುವೆ ಎಲ್ಲೋ ಹಾನಿಯಿದೆಯೆಂದು ಅಲ್ಲಿಯೇ ಉಳಿದು ಹುಡುಕುತ್ತದೆ. ರೈಲ್ವೆ ಹಳಿಯ ಕಾವಲುಗಾರನು ಹಳಿಗೆ ಸುತ್ತಿಗೆಯಿಂದ ತಟ್ಟಿ ಸದ್ದನ್ನು ಆಲಿಸುವಂತೆ, ಎನ್ನಬಹುದು. ಪ್ರಯೋಗಾಲಯದಲ್ಲಿಯೂ ಬ್ಯಾಕ್ಟೀರಿಯಗಳಲ್ಲಿಯೂ ಇದಕ್ಕೆ ಅನುಕೂಲವಾದ ಸಾಕ್ಷ್ಯಗಳು ದೊರೆತಿವೆ. 2017ರಲ್ಲಿ ಡಿಎನ್‌ಎಯ ಪ್ರತಿ ತೆಗೆಯುವ ಕ್ರಿಯೆಯನ್ನು ಆರಂಭಿಸುವ ಪ್ರೈಮೇಸ್ ಎಂಬ ಕಿಣ್ವಕ್ಕೂ ಈ ವಿವರಣೆಯನ್ನು ವಿಸ್ತರಿಸಿದಾಗ ಬೇರೆ ಪ್ರಯೋಗಾಲಯಗಳಿಂದ ಗಟ್ಟಿಯಾದ ಆಕ್ಷೇಪಗಳು ಬಂದವು. ಊಹೆ ಆಕರ್ಷಕವೆಂಬ ಕಾರಣಕ್ಕೆ ಅದನ್ನು ಸಿದ್ಧಾಂತವೆಂದು ಒಪ್ಪುವ ಕಾಲ ಇನ್ನೂ ಬಂದಿಲ್ಲ.

ಸಾಗುವ ದಾರಿಯ ವಿಷಯದಲ್ಲಿಯೂ ಕೊನೆಯ ಮಾತು ಆಡಿದಂತಾಗಿಲ್ಲ. ಇಸ್ರೇಲಿನ ಡ್ಯಾನಿ ಪೊರಾತ್ ಮತ್ತು ಸಂಗಡಿಗರು 2020ರಲ್ಲಿ ಸುಮಾರು 30 ನ್ಯಾನೋಮೀಟರ್ ಉದ್ದದ ಒಂಟಿ ಡಿಎನ್‌ಎ ಅಣುಗಳಲ್ಲಿ ಗಣನೀಯವಾದ ವಿದ್ಯುತ್ ಪ್ರವಾಹವನ್ನು ಅಳೆದರು. ಪ್ರತ್ಯಾಮ್ಲಗಳ ಪೇರಿಕೆಯನ್ನು ಹಾಗೆಯೇ ಬಿಟ್ಟು ಹೊರಗಿನ ಸಕ್ಕರೆ ಫಾಸ್ಫೇಟಿನ ಎರಡೂ ಎಳೆಗಳಲ್ಲಿ ಒಂದೊಂದು ಸೀಳು ಮಾಡಿದಾಗ ಆ ಪ್ರವಾಹ ನಿಂತುಹೋಯಿತು. ಅರವತ್ತು ವರ್ಷಗಳಿಂದ ಎಲ್ಲರೂ ಕವಚವೆಂದು ಬದಿಗಿಟ್ಟಿದ್ದ ಭಾಗವೇ ಆ ಪ್ರಯೋಗದಲ್ಲಿ ಆವೇಶವನ್ನು ಹೊತ್ತಿತ್ತು. ಒಣಗಿದ ಅಣುವಿನಲ್ಲಿ, ಹೆಚ್ಚಿನ ವೋಲ್ಟೇಜಿನಲ್ಲಿ ಕಂಡ ಈ ದಾರಿಯು ಜೀವಕೋಶದ ನೀರಿನಲ್ಲಿ, ಗ್ವಾನಿನ್‌ನಿಂದ ಗ್ವಾನಿನ್‌ಗೆ ಜಿಗಿಯುವ ರಂಧ್ರಕ್ಕೆ ಸಂಬಂಧಿಸುವುದೇ ಇಲ್ಲವೇ ಎಂಬ ಪರೀಕ್ಷೆಯನ್ನು ಮಾಡಬೇಕಾಗಿದೆ.